ಕಾರ ಹುಣ್ಣಿಮೆಯ ಮರುದಿನದ ಸದ್ದು

ನಾನು ನಿಂತಿದ್ದದ್ದು ಶಹಾಪುರದಲ್ಲಿ, ಸುರಪುರ ರಸ್ತೆಯ ಗ್ಯಾರೇಜಿನೊಳಗೆ, ಪಿಕಪ್ಪಿನ ಎಡಗಡೆಯ ಮುಂದಿನ ಗಾಲಿಯ ಪಕ್ಕ. ಕಾರ ಹುಣ್ಣಿಮೆಯ ಮರುದಿನ. ಬಿಸಿಲು ಇನ್ನೂ ಶೆಡ್ಡಿನ ಒಳಕ್ಕೆ ಬಂದಿರಲಿಲ್ಲ. ಎಂಜಿನ್ನಿನ ಆಚೆ ಬದಿಗೆ ಮಿಸ್ತ್ರಿ, ಅವನ ಹಿಂದೆ ನನ್ನ ಸೋದರಮಾವ, ಬೇವಿನ ನೆರಳಿನ ಕಲ್ಲಿನ ಮೇಲೆ ಅತ್ತೆ. ಇಷ್ಟೇ ಜನ.

ಮಾವ ಎತ್ತಿನ ಜೋಡಿ ಮಾರಿ ಆ ಹಳೆಯ ಡೀಸೆಲ್ ಗಾಡಿ ತಂದಿದ್ದ. ಅತ್ತೆಗೆ ಅದು ಒಪ್ಪಿಗೆಯಿರಲಿಲ್ಲ. ಗಾಡಿ ಚೆನ್ನಾಗಿಯೇ ಓಡಿತ್ತು. ಆ ಬೆಳಿಗ್ಗೆ ಮಾತ್ರ ಮಾವನ ಊರು ಗೋಗಿ ಬಿಟ್ಟಾಗಿನಿಂದ, ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಟಕಟಕ ಸದ್ದು. ಅತ್ತೆ ದಾರಿಯಲ್ಲೇ ತೀರ್ಪು ಕೊಟ್ಟಿದ್ದಳು: "ಎಂಜಿನ್ ಬಿಚ್ಚಬೇಕು ಅಂದ್ರ ಇದನ್ನ ಗುಜರಿಗಿ ಹಾಕ್ರಿ. ಎತ್ತು ವಾಪಸ್ ತರ್ರಿ." ಮಾವ ಗೇರ್ ಬದಲಿಸಿದ್ದ.

ಮಿಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿದ. ಮಾವನೂ ಕಣ್ಣು ಮುಚ್ಚಿದ.

"ಬೇರಿಂಗ್ ಹೋಗ್ಯಾದೇನು ತಮ್ಮಾ?"

"ತಡೀರಿ ಕಾಕಾ. ನಾಡಿ ಹಿಡಿಯೂ ಮುಂಚೆ ಹೆಣ ಎತ್ತಬ್ಯಾಡ್ರಿ."

ಎಂಜಿನ್ ಓಡುತ್ತಿರುವಾಗಲೇ ಅವನು ಡೀಸೆಲ್ ಹೋಗುವ ಸಣ್ಣ ಪೈಪುಗಳ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಮತ್ತೆ ಬಿಗಿ ಮಾಡುತ್ತ ಹೋದ. ಕೆಟ್ಟ ಸಿಲಿಂಡರಿಗೆ ಡೀಸೆಲ್ ನಿಂತರೆ ಸದ್ದು ತಗ್ಗಬೇಕು ಎಂದು ನನಗೆ ತಿಳಿಸಿದ. ಯಾವುದನ್ನು ಸಡಿಲಿಸಿದರೂ ಹಾಗಾಗಲಿಲ್ಲ. "ನಾಲ್ಕೂ ಒಮ್ಮೆಲೆ ಕೆಡೂದಿಲ್ಲ," ಎಂದು, ಬೆರಳಿಗೆ ಅಂಟಿದ ಡೀಸೆಲನ್ನು ಉಜ್ಜಿ ನೋಡಿದ. ಮೂಸಿದ. ನನ್ನ ಮೂಗಿಗೂ ಹಿಡಿದು, "ಬ್ಯಾರೆ ವಾಸನಿ ಅದ ಅಲ್ಲ?" ಎಂದ. ನಾನು ಮತ್ತೊಮ್ಮೆ ಮೂಸಿಯೇ ತಲೆಯಾಡಿಸಿದೆ; ಸುಳ್ಳು ಸಾಕ್ಷಿ ಹೇಳಬಾರದು.

"ಕಾಕಾ, ಟಾಕಿಗಿ ವಗ್ಗರಣಿ ಹಾಕೀರೇನು?"

ಅತ್ತೆ ಎದ್ದು ಬಂದು ಮಿಸ್ತ್ರಿಯ ಬೆರಳು ಮೂಸಿದಳು. "ನನ್ನ ಕುಸುಬಿ ಎಣ್ಣಿ! ಡಬ್ಬಿ ಬೆಕ್ಕು ಉರುಳಿಸ್ತು ಅಂದಿದ್ರಿ!"

ನಮ್ಮ ಕಡೆ ಕಾರ ಹುಣ್ಣಿಮೆಗೆ ಎತ್ತುಗಳ ಮೈಗೆ ಬಲ ಬರಲಿ ಎಂದು ಎಣ್ಣೆ, ತತ್ತಿ, ಅರಿಶಿನ ಕಲಸಿ ಬಿದಿರಿನ ಗೊಟ್ಟದಿಂದ ಬಾಯಿಗೆ ಹೊಯ್ಯುತ್ತಾರೆ. ಮಾವ ಒಂದು ವರ್ಷವೂ ತಪ್ಪಿಸಿದವನಲ್ಲ. ಈ ಸಲ ಅವನ ಅಂಗಳದಲ್ಲಿದ್ದದ್ದು ಪಿಕಪ್ಪು ಮಾತ್ರ.

"ಹಬ್ಬದ ದಿನ ಅದೊಂದೇ ಉಪಾಸ ಇರಬೇಕೇನು?" ಎಂದ ಮಾವ, ಬೇವಿನ ಮರ ನೋಡುತ್ತ.

"ತತ್ತಿ?" ಅತ್ತೆ ಕೇಳಿದಳು.

"ಇಳೀಲಿಲ್ಲ. ಬಾಯಾಗ ಜಾಲರಿ ಅದ."

ಮಿಸ್ತ್ರಿ ನಗು ನುಂಗಿಕೊಂಡು, ಒಂದು ಕ್ಯಾನಿನಲ್ಲಿ ಬೇರೆ ಡೀಸೆಲ್ ತುಂಬಿ, ಅದರ ಪೈಪನ್ನು ನೇರ ಪಂಪಿಗೆ ಕೊಟ್ಟ. ಎಂಜಿನ್ ಇನ್ನಷ್ಟು ಹೊತ್ತು ಬಡಿಯಿತು. ಆಮೇಲೆ ಆ ಟಕಟಕ ಸದ್ದು ಮೆಲ್ಲಗೆ ಇಳಿಯುತ್ತ ಇಳಿಯುತ್ತ ನಿಂತೇ ಹೋಯಿತು.

"ಎಂಜಿನ್ ಗಟ್ಟಿ ಅದ ಕಾಕಿ, ಬಿಚ್ಚೂದು ಬ್ಯಾಡ. ಟಾಕಿ ತೊಳದು ಫಿಲ್ಟರ್ ಬದಲಿ ಮಾಡ್ತೀನಿ. ಹಬ್ಬದೂಟ ಜಾಸ್ತಿ ಆಗ್ಯಾದ, ಅಷ್ಟೇ."

ಆಮೇಲೆ ಆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಮನೆಯ ಹೊಸ್ತಿಲಾಚೆ ಹಲ್ಲು ತೋರಿಸದ ಅತ್ತೆ, ಮಡ್‌ಗಾರ್ಡ್ ಹಿಡಿದುಕೊಂಡು, ಬಗ್ಗಿ ಬಗ್ಗಿ ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಗಾಡಿ ಇರಲಿ," ಎಂದಳು. "ಎಣ್ಣಿ ಡಬ್ಬಿ ಮಾತ್ರ ಇನ್ನ ನನ್ನ ತಲಿದಿಂಬಿನ ಹತ್ರ."

ಅಂದು ಇದನ್ನು ಕಂಡವರಲ್ಲಿ ಮಿಸ್ತ್ರಿ ಅದೇ ಶೆಡ್ಡಿನಲ್ಲಿದ್ದಾನೆ, ಕೇಳಿದವರಿಗೆಲ್ಲ ಹೇಳುತ್ತಾನೆ. ಅತ್ತೆ ಗೋಗಿಯಲ್ಲಿದ್ದಾಳೆ, ಕೇಳದವರಿಗೂ ಹೇಳುತ್ತಾಳೆ. ಮಾವನೂ ಗಟ್ಟಿಮುಟ್ಟಾಗಿದ್ದಾನೆ, ಆ ದಿನ ತಾನು ಶಹಾಪುರಕ್ಕೇ ಬಂದಿರಲಿಲ್ಲ ಎನ್ನುತ್ತಾನೆ.