ಯಾರೋ ಹಿಡಿದಿಟ್ಟ ಸೀಟು

ದೆವ್ವ ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ನಗು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ತಲೆ ಹಣ್ಣಾದವಳು ನಾನು; ಲೆಕ್ಕಕ್ಕೆ ಸಿಗದ್ದನ್ನು ನಂಬುವ ಅಭ್ಯಾಸವಿಲ್ಲ. ನವನಗರದ ನಮ್ಮ ಓಣಿಯಲ್ಲಿ ಹೆಂಗಸರು ಅಂಥ ಕತೆ ತೆಗೆದರೆ, "ಪಾದ ಹಿಂದ ಮುಂದ ಇದ್ವೇನ್ರಿ?" ಎಂದು ಕಾಡಿಸುತ್ತಿದ್ದೆ. ಈಗ ಕಾಡಿಸುವುದಿಲ್ಲ. ಯಾಕೆಂದು ಹೇಳುತ್ತೇನೆ, ನೀವು ನಂಬಲೇಬೇಕೆಂಬ ಹಟವೇನಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ದಸರಾ ರಜೆಯಲ್ಲಿ ನಾನೂ ನಮ್ಮ ಯಜಮಾನರೂ ಘಟ್ಟ ನೋಡಲು ಹೊರಟೆವು. ಹುಬ್ಬಳ್ಳಿಯಿಂದ ಲೋಂಡಾವರೆಗೆ ರೈಲು, ಮುಂದೆ ಬಸ್ಸು. ಅಳ್ನಾವರ ದಾಟಿ ಕಾಡು ಹತ್ತಿರವಾಗುತ್ತಿದ್ದಂತೆ ಅವರು ಕಿಟಕಿ ಬಿಟ್ಟು ಏಳಲಿಲ್ಲ. ಗುಡ್ಡ ಕಂಡಾಗೆಲ್ಲ "ಇಲ್ಲಿ ನೋಡಿಲ್ಲಿ" ಎಂದು ನನ್ನನ್ನು ತಿವಿದು ಎಬ್ಬಿಸುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಆಗಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಎಚ್ಚರ ತಪ್ಪುತ್ತದೆ. ಹಾಗಾಗಿ ನನ್ನ ಕೈಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಜೊತೆಗೆ ಒಂದು ಹೆಂಟೆ ಬೆಲ್ಲ ಇದ್ದೇ ಇತ್ತು.

ಕಣಿವೆ ಕಾಣುವ ಜಾಗಕ್ಕೆ ಹೋದರೆ ಬರೀ ಮಂಜು. "ಸೂಜಿ ಚುಚ್ಚಿಕೊಂಡು ಆಗೇತಿ, ಮೊದಲ ಉಣ್ರಿ" ಎಂದೆ. "ಇನ್ನೊಂದೀಟು ತಡಿ, ಮಂಜು ಸರೀತೈತಿ" ಎಂದರು. ಅದು ಸರಿಯಲಿಲ್ಲ, ಊಟದ ಹೊತ್ತು ಮಾತ್ರ ಮೀರಿತು. ನಿಲ್ದಾಣಕ್ಕೆ ಬಂದು ಇನ್ನೇನು ಬುತ್ತಿ ಬಿಚ್ಚಬೇಕು, ಕೆಳಗಿಳಿಯುವ ಬಸ್ಸು ಬಂತು. ಅಲ್ಲಿದ್ದವರೆಲ್ಲ ಬಾಗಿಲಿಗೆ ಮುತ್ತಿದರು. ನಮ್ಮ ಕಡೆ ಬಸ್ಸು ಬಂದರೆ ಮೊದಲು ಕಿಟಕಿಯಿಂದ ಟವೆಲ್ಲೋ ಚೀಲವೋ ಒಳಗೆ ಹಾಕಿ ಸೀಟು ಹಿಡಿಯುವುದು, ಆಮೇಲೆ ಹತ್ತುವುದು. ಹಾಗೆ ಹಿಡಿದ ಸೀಟಿನಲ್ಲಿ ಬೇರೆಯವರು ಕೂಡುವುದಿಲ್ಲ. ಯಜಮಾನರು ನನ್ನ ಕೈಯಿಂದ ಚೀಲ ಕಿತ್ತು ಕಿಟಕಿಯೊಳಗೆ ತೂರಿಸಿದರು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಉಳಿದವರನ್ನೆಲ್ಲ ಹತ್ತಿಸಿಕೊಂಡು ಬಸ್ಸು ಹೊರಟೇ ಬಿಟ್ಟಿತು. ಕೂಗಿದೆವು, ಬಸ್ಸಿನ ತಗಡು ಬಡಿದೆವು. ಕೆಳಗಿನ ತಿರುವಿನಲ್ಲಿ ಮಂಜಿನೊಳಗೆ ಹೋಯಿತು.

"ಬುದ್ಧಿ ಎಲ್ಲಿಟ್ಟಿದ್ರಿ?" ಎಂದು ಬೈದೆ. ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಆ ಥಂಡಿಯಲ್ಲೂ ಅವರ ಹಣೆ ಬೆವರಿತು, ಕೈ ನಡುಗಿತು. ಮೊಬೈಲಿಗೆ ಸಿಗ್ನಲ್ ಇಲ್ಲ, ಇದ್ದ ಒಂದೇ ಚಹಾದಂಗಡಿಗೆ ಬೀಗ. ನನ್ನ ಮುಖ ನೋಡುತ್ತ, "ಅಳ್ನಾವರ ಬಂತೇನು?" ಎಂದು ಕೇಳಿದರು. ಅದು ಬೆಳಿಗ್ಗೆಯೇ ದಾಟಿ ಬಂದ ಊರು. ಅವರನ್ನು ತೋಳಿಗೆ ಒರಗಿಸಿಕೊಂಡು ರಸ್ತೆಯನ್ನೇ ನೋಡುತ್ತ ಕೂತೆ. ಒಂದು ಸೈಕಲ್ಲೂ ಬರಲಿಲ್ಲ. ಇವರು ಇಲ್ಲೇ ನನ್ನ ಕೈಬಿಟ್ಟು ಹೋಗುತ್ತಾರೆ ಎಂದುಕೊಂಡೆ.

ಎಷ್ಟೋ ಹೊತ್ತಿಗೆ ಮೇಲಿನಿಂದ ಇನ್ನೊಂದು ಬಸ್ಸು ಬಂತು. ಕಂಡಕ್ಟರು ಇಳಿದು ಇವರನ್ನು ಹತ್ತಿಸಲು ಕೈಜೋಡಿಸಿದರು. ಬಸ್ಸು ತುಂಬಿತ್ತು, ಎರಡು ಸೀಟು ಮಾತ್ರ ಖಾಲಿ. ಕಿಟಕಿಯ ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇತ್ತು.

ಹೇಗೆ ಏನು ಎಂದು ಯೋಚಿಸಲು ಪುರಸೊತ್ತಿರಲಿಲ್ಲ. ಗಂಟು ಬಿಚ್ಚಿ ಬೆಲ್ಲ ಮುರಿದು ಅವರ ಬಾಯಿಗಿಟ್ಟೆ. ಎರಡು ತಿರುವು ಇಳಿಯುವಷ್ಟರಲ್ಲಿ ಕಣ್ಣು ನಿಚ್ಚಳವಾದವು. "ಯಾಕ ಅಳಾಕತ್ತಿ?" ಎಂದರು. ಆಗ ಕಂಡಕ್ಟರನ್ನು ಕೇಳಿದೆ, "ಮುಂದ ಹೋದ ಬಸ್ಸಿನವರು ಈ ಚೀಲ ಕೊಟ್ರೇನ್ರಿ?"

"ಎಲ್ಲಿ ಮುಂದ ಹೋದ ಬಸ್ಸುರಿ ಅಕ್ಕಾರ? ಮ್ಯಾಲೆ ದೊಡ್ಡ ಗಿಡ ಬಿದ್ದು ಊಟದ ಹೊತ್ತಿಗಿಂತ ಮೊದಲ ದಾರಿ ಬಂದ್ ಆಗಿತ್ತು. ಬಿಡಿಸಿದ ಮ್ಯಾಲೆ ನಮ್ಮದ ಮೊದಲನೇದು. ಹೊರಟಾಗಿಂದ ಚೀಲ ಅಲ್ಲೇ ಐತಿ. ಯಾರೋ ಸೀಟು ಹಿಡದಾರ ಅಂತ ಯಾರೂ ಕೂಡಲಿಲ್ಲ."

ಕೆಳಗೆ ಹೋದ ಚೀಲ ಮೇಲಿನಿಂದ ಬಂದಿತ್ತು. ಮತ್ತೆ ಮೇಲೇರಲು ಇದ್ದದ್ದು ಅದೊಂದೇ ರಸ್ತೆ, ನಾನು ಅದರಿಂದ ಕಣ್ಣು ತೆಗೆದಿರಲಿಲ್ಲ. ಈ ಲೆಕ್ಕವನ್ನು ಎಷ್ಟು ಸಲ ಬಿಡಿಸಲು ನೋಡಿದ್ದೇನೋ, ಉತ್ತರ ಬಂದಿಲ್ಲ.

ಲೋಂಡಾದಲ್ಲಿ ಇಳಿಯಲು ಎದ್ದಾಗ ನಾನು ಒಂದು ಟವೆಲ್ಲಿನ ಮೇಲೆ ಕೂತಿದ್ದೆನೆಂದು ಗೊತ್ತಾಯಿತು. ಕೆಂಪು ಅಂಚಿನದು, ಒಗೆದು ಒಗೆದು ಮೆತ್ತಗಾದದ್ದು. ನಮ್ಮದಲ್ಲ. ಚೀಲ ಹಿಡಿದದ್ದು ಒಂದೇ ಸೀಟು. ಪಕ್ಕದ್ದನ್ನು ನನಗಾಗಿ ಬೇರೆ ಯಾರೋ ಹಿಡಿದಿದ್ದರು. ಕಂಡಕ್ಟರು ಎಲ್ಲರನ್ನೂ ಕೇಳಿದರು, ಯಾರೂ ತಮ್ಮದೆನ್ನಲಿಲ್ಲ. "ನಿಮ್ಮ ಸಲುವಾಗಿನ ಹಾಸಿದ್ರೇನೋ, ನೀವ ಒಯ್ರಿ" ಎಂದು ನನ್ನ ಕೈಗಿಟ್ಟರು.

ಯಜಮಾನರು ದೇವರ ದಯದಿಂದ ಗಟ್ಟಿಯಾಗಿದ್ದಾರೆ, ನನ್ನಿಂದ ದಿನಾ ಬೈಸಿಕೊಳ್ಳುತ್ತಾರೆ. "ಅದನ್ನ ಯಾರಿಗರೆ ಕೊಟ್ಟುಬಿಡು" ಎನ್ನುತ್ತಾರೆ. ನನಗಾಗುವುದಿಲ್ಲ. ಪ್ರವಾಸಕ್ಕೆ ಹೊರಟಾಗಲೆಲ್ಲ ಅದನ್ನು ಮಡಚಿ ಚೀಲದಲ್ಲಿ ಮೇಲುಗಡೆಯೇ ಇಟ್ಟುಕೊಳ್ಳುತ್ತೇನೆ. ಬಸ್ಸಿನಲ್ಲಿ ಯಾರಾದರೂ ಅದನ್ನು ದಿಟ್ಟಿಸಿ ನೋಡಿದರೆ ಅದರ ಮೇಲೆ ಕೈಯಿಟ್ಟುಕೊಳ್ಳುತ್ತೇನೆ. ತಮ್ಮದೆಂದು ಕೇಳಿದರೆ ಸುಮ್ಮನೆ ಕೊಟ್ಟುಬಿಡಬೇಕೋ, ಅಂದು ನಾವು ಅಲ್ಲಿರುವುದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕೋ, ನನಗಿನ್ನೂ ತಿಳಿದಿಲ್ಲ.