ಜೋಳ ಹಸನು ಮಾಡುವ ಸದ್ದು

ಆನ್‌ಲೈನ್ ಪಾಠ ಮಾಡುವವರಿಗೆ ಮೌನವೆಂದರೆ ಪ್ರಾಣಸಂಕಟ. ಎದುರಿಗೆ ಮುಖಗಳಿರುವುದಿಲ್ಲ, ಬರೀ ಕಪ್ಪು ಚೌಕಗಳು. ಅರೆಗಳಿಗೆ ಸದ್ದಡಗಿದರೂ ನೆಟ್‌ವರ್ಕ್ ಹೋಯಿತೆಂದು ಎದೆ ಧಸಕ್ಕೆನ್ನುತ್ತದೆ. ‘ನನ್ನ ಆವಾಜ್ ಬರ್ತಿದೆಯಾ?’ ಎಂದು ನಾನು ಮರಾಠಿಯಲ್ಲಿ ಕೇಳಿ ಕೇಳಿ, ಈಗ ನಮ್ಮ ಯಜಮಾನರು ಸಾರು ಬಡಿಸುವಾಗಲೂ ಅದೇ ಧಾಟಿಯಲ್ಲಿ ನನ್ನನ್ನು ಅಣಕಿಸುತ್ತಾರೆ. ತಮಾಷೆಯೆಂದರೆ, ನಾನು ಕಲಿಸುವ ವಿಷಯದಲ್ಲಿ ಅರ್ಧ ಪಾಲು ಸುಮ್ಮನಿರುವುದೇ.

ನನ್ನ ತವರು ಕಲಬುರಗಿ ಕಡೆ. ಮನೆ ನಾಸಿಕದ ದೇವಳಾಲಿ ಕ್ಯಾಂಪಿನಲ್ಲಿ. ವಿದ್ಯಾರ್ಥಿಗಳು ಛತ್ರಪತಿ ಸಂಭಾಜಿನಗರದ ಒಂದು ಕಾಲೇಜಿನವರು, ಸಮಾಜಕಾರ್ಯ ಓದುವವರು. ಕಷ್ಟದಲ್ಲಿರುವವರನ್ನು ಹೇಗೆ ಮಾತಾಡಿಸಬೇಕು, ಅವರು ಹೇಳುವುದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನು ನಾನು ಮನೆಯ ಮೂಲೆಯ ಮೇಜಿನಿಂದ ಕಲಿಸುತ್ತೇನೆ. ಸೈನಿಕರು ತೋಪು ಹಾರಿಸುವ ಅಭ್ಯಾಸ ನಡೆಸಿದ ದಿನ ನಮ್ಮ ಕಿಟಕಿಯ ಗಾಜು ನಡುಗುತ್ತದೆ, ಆ ಕಡೆ ಮಕ್ಕಳು ಮುಸಿಮುಸಿ ನಗುತ್ತಾರೆ. ಶಾಂತವಾಗಿ ಆಲಿಸುವುದರ ಬಗ್ಗೆ ಹೇಳುತ್ತಿರುವಾಗಲೇ ಆ ತೋಪುಗಳಿಗೆ ಹುಕಿ ಬರುತ್ತದೆ.

ಮಕ್ಕಳಿಂದ ಮೊದಲು ನಟನೆ ಮಾಡಿಸುತ್ತೇನೆ. ಒಬ್ಬಳು ಕುಡುಕ ಗಂಡನಿಂದ ಬೇಸತ್ತ ಹೆಂಗಸಾಗಬೇಕು, ಇನ್ನೊಬ್ಬಳು ಅವಳ ಮಾತು ಕೇಳಬೇಕು. ಆ ಹೆಂಗಸು ಬಾಯಿ ತೆರೆಯುವುದೇ ತಡ, ಕೇಳಬೇಕಾದವಳು ಯೋಗ ಮಾಡು, ತವರಿಗೆ ಹೋಗು, ದೇವರನ್ನು ನೆನೆ ಎಂದು ಶುರುಮಾಡುತ್ತಾಳೆ. ಸಲಹೆ ಕೊಡುವ ಚಟ ನಮ್ಮ ಜನಕ್ಕೆ ಚಹಾದ ಚಟಕ್ಕಿಂತ ಹೆಚ್ಚು. ನನಗೂ ಇದೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ.

ಆ ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳಿದ್ದಳು. ಅಪ್ಪ ಚಿಂಚೋಳಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ಇವಳು ಹುಟ್ಟಿದ್ದು, ಬೆಳೆದದ್ದು ಮಹಾರಾಷ್ಟ್ರದ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ನಿಜವಾಗಿ ಕಷ್ಟದಲ್ಲಿರುವ ಒಬ್ಬರನ್ನು, ಅವರ ಒಪ್ಪಿಗೆ ಪಡೆದು, ನಾನು ಕೇಳಿಸಿಕೊಳ್ಳುತ್ತಿರುವಾಗ ಮಾತಾಡಿಸಬೇಕಿತ್ತು. ಅದಕ್ಕೆ ಮುಂಚೆ ಆಕೆ ಫೋನು ಮಾಡಿದಳು. ದೌಲತಾಬಾದ್ ರಸ್ತೆಯ ತಮ್ಮ ಸೈಟಿಗೆ ಹೊಸದಾಗಿ ಬಂದ ಒಬ್ಬ ಹೆಂಗಸಿನ ವಿಷಯ ಹೇಳಿದಳು. ನನ್ನೊಡನೆ ಅವಳ ಮಾತೆಲ್ಲ ಮರಾಠಿಯಲ್ಲೇ, ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೇನೆ.

ಆ ಹೆಂಗಸು ಸಣ್ಣ ವಯಸ್ಸಿನವಳು. ಹಿಂದಿನ ಸೈಟು ವೈಜಾಪುರದ ಹತ್ತಿರ. ಅಲ್ಲಿ ಅವಳ ಕೂಸು ಜ್ವರದಿಂದ ತೀರಿಕೊಂಡಿತು. ಗಂಡಸರು ಒಯ್ದು ಮಣ್ಣು ಮಾಡಿ ಬಂದರು. ಕೆಲಸ ಮುಗಿದು ಗುಂಪು ಇಲ್ಲಿಗೆ ಬಂತು. ಅಂದಿನಿಂದ ಅವಳು ಮಾತು ಬಿಟ್ಟಿದ್ದಳು, ಯಾರಾದರೂ ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದಳು. ಗಂಡನೂ, ಕೂಲಿಯವರ ಗುಂಪು ನಡೆಸುವ ಮುಕಾದಮನೂ ಮಾತಾಡಿಕೊಂಡು ಬರುವ ಸೋಮವಾರ ಅವಳನ್ನು ಊರಿಗೆ, ತಾಯಿಯ ಹತ್ತಿರ ಕಳಿಸುವುದೆಂದು ನಿಶ್ಚಯಿಸಿದ್ದರು. ಅವರದೂ ಕರುಳೇ ಅಲ್ಲವೇ, ಒಳ್ಳೆಯದಾಗಲೆಂದೇ ಕಳಿಸುತ್ತಿದ್ದರು.

“ಆಕಿಗಿ ಹೋಗೋ ಮನಸಿಲ್ಲ ಅನಸ್ತದ್ರಿ ಮ್ಯಾಡಮ್. ಊರಂದ್ರ ಸಾಕು, ಗ್ವಾಡಿ ಕಡಿ ತಿರಗತಾಳ. ಯಾಕಂತ ಯಾರಿಗೂ ಗೊತ್ತಿಲ್ರಿ.”

“ಮತ್ತ ನೀ ಕೇಳು.”

“ನಂಗ ಕನ್ನಡ ತಿಳೀತದ್ರಿ, ಮಾತಾಡ್ಲಿಕ್ಕೆ ಸರಿ ಬರಲ್ರಿ. ಆಕಿಗಿ ಮರಾಠಿ ಬರಲ್ಲ.”

ಇಂಥ ಸೂಕ್ಷ್ಮ ವಿಷಯಕ್ಕೆ ಅರೆಬರೆ ಭಾಷೆ ಸಾಲದು, ಬೇರೆ ಯಾರನ್ನಾದರೂ ಆರಿಸಿಕೋ, ಆಕೆಯ ಜೊತೆ ನಾನೇ ಮಾತಾಡುತ್ತೇನೆ ಎಂದೆ. ಅವಳು ಹೇಳಿದಳು: “ಫೋನಿನಾಗ ಆಕಿ ಮಾತಾಡಲ್ರಿ. ಇಲ್ಲಿ ಎಲ್ಲಾರೂ ಆಕಿಗಿ ಹೇಳೋರೇ, ಕೇಳೋರು ಯಾರೂ ಇಲ್ರಿ.”

ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸುಳಿವು ಸಿಕ್ಕರೆ ಆ ಕ್ಷಣವೇ ಹೇಳು, ಸರ್ಕಾರಿ ದವಾಖಾನೆಯ ಡಾಕ್ಟರ ಹತ್ತಿರ ಕರೆದೊಯ್ಯೋಣ ಎಂದು ಎಚ್ಚರಿಸಿ ಒಪ್ಪಿಕೊಂಡೆ.

ಶುಕ್ರವಾರ ಮಧ್ಯಾಹ್ನ, ಸೈಟಿನವರು ಊಟಕ್ಕೆ ಕುಳಿತ ಹೊತ್ತಿನಲ್ಲಿ ಕರೆ ಬಂತು. ಮುಖ ಕಾಣುವುದು ಬೇಡವೆಂದು ಆ ಹೆಂಗಸು ಸನ್ನೆ ಮಾಡಿದ್ದರಿಂದ ಬರೀ ಧ್ವನಿ. ನಾನು ಕೇಳಿಸಿಕೊಳ್ಳಲು ಒಪ್ಪಿಗೆ ಕೇಳಿದಾಗ, ಅಷ್ಟು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು, “ಕೇಳ್ಲಿ ಬಿಡು, ನಮ್ಮ ಕಡಿಯವರೇ ಅಂದ್ಯಲ್ಲ” ಎಂದಷ್ಟೇ ಅಂದಿದ್ದಳಂತೆ. ಹುಡುಗಿ ನನಗೆ ಒಂದು ಷರತ್ತು ಹಾಕಿದ್ದಳು: “ನಿಮ್ಮ ಕಡಿ ತೋಪಿನ ಸಪ್ಪಳ ಬರ್ತದ್ರಿ, ಮ್ಯೂಟ್ ಮಾಡ್ಕೋರಿ.” ಮಾಡಿಕೊಂಡೆ.

ಎದುರುಬದುರು ಕೂರಬೇಕು, ಕೈಯಲ್ಲಿ ಏನೂ ಇರಬಾರದು ಎಂದು ನಾನು ಕಲಿಸಿದ್ದೆ. ನನಗೆ ಕೇಳಿಸಿದ್ದು ಮೊರದ ಸದ್ದು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಕಾಳು ಮೊರದಲ್ಲಿ ಸರಿಯುವ ಸರಸರ, ಆಗೀಗ ಹರಳೊಂದು ತಟ್ಟೆಗೆ ಬಿದ್ದ ಟಣ್. “ಸುಮ್ನ ಎದುರಿಗಿ ಕುಂತ್ರ ಪೊಲೀಸ್ರು ಕುಂತಂಗ ಆಗ್ತದ್ರಿ” ಎಂದು ಆಮೇಲೆ ವಿವರಣೆ ಕೊಟ್ಟಳು.

“ಅಕ್ಕಾ, ಚಾ ಆಯ್ತು?”

“ಹುಂ.”

ಮತ್ತೆ ಬಹಳ ಹೊತ್ತು ಜೋಳ. ನನ್ನ ನಾಲಿಗೆ ತುರಿಸತೊಡಗಿತ್ತು. ಊರಿನ ಸುದ್ದಿ ತೆಗಿ, ಮಳೆಯ ಸುದ್ದಿ ತೆಗಿ ಎಂದು ಮನಸ್ಸಿನಲ್ಲೇ ಅವಳಿಗೆ ಹೇಳಿಕೊಡುತ್ತಿದ್ದೆ. ಹುಡುಗಿ ಮಾತಿಗೆ ತಡಕಾಡಿದ್ದು ಕೇಳಿಸಿತು. ಒಂದು ಮರಾಠಿ ಪದ ಬಂತು, ಅದನ್ನು ನುಂಗಿಕೊಂಡಳು. ಕೊನೆಗೆ ಕೇಳಿದಳು:

“ಅಕ್ಕಾ... ಕೂಸು ಹ್ಯಾಂಗಿತ್ತು?”

ಜೋಳದ ಸದ್ದು ನಿಂತಿತು.

ಏನೂ ಇಲ್ಲ. ಉಸಿರಿಲ್ಲ, ಬಳೆಯ ಸದ್ದಿಲ್ಲ. ನೇರ ಗಾಯಕ್ಕೇ ಕೈ ಹಾಕಿದಳಲ್ಲ! ಲೈನು ಹೋಗಿದೆಯೆಂದು ಒಮ್ಮೆ, ಅಲ್ಲಿ ಏನೋ ಆಗಿದೆಯೆಂದು ಇನ್ನೊಮ್ಮೆ ಅನಿಸಿ ತಡೆಯಲಾಗದೆ, “ಏ ತಂಗಿ, ಕೇಳಸ್ಲತ್ತದೇನು?” ಎಂದು ಜೋರಾಗಿಯೇ ಕೂಗಿದೆ. ಮ್ಯೂಟ್ ಆಗಿತ್ತು, ದೇವರು ದೊಡ್ಡವನು. ನನ್ನ ಕೂಗು ನಾಸಿಕದಲ್ಲೇ ಉಳಿಯಿತು.

ಅಲ್ಲಿ ಹುಡುಗಿ ಏನೂ ಹೇಳಲಿಲ್ಲ. ಕೆಮ್ಮಲಿಲ್ಲ, ಸಮಾಧಾನ ಮಾಡಲಿಲ್ಲ, ಪ್ರಶ್ನೆಯನ್ನು ತಿರುಗಿಸಿ ಕೇಳಲಿಲ್ಲ. ಅಷ್ಟು ಹೊತ್ತು ಒಬ್ಬರ ಪಕ್ಕದಲ್ಲಿ ಏನನ್ನೂ ಬೇಡದೆ ಕೂತಿರಲು ಬರುತ್ತದೆಯೆಂದು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಹಾಗೆ ಕೂತವರನ್ನು ಕೇಳಿಸಿಕೊಂಡದ್ದು ಅದೇ ಮೊದಲು.

“ಬಾಳ ಕರ್ರಗಿತ್ತು” ಎಂದಿತು ಒಂದು ಒಣ ದನಿ. “ಅವರಪ್ಪನಂಗ.”

“ಹುಂ.”

“ಹಸಿವಿ ಆದ್ರ ಅಳ್ತಿರಲಿಲ್ಲ. ನನ್ನ ಕೈಬಳಿ ಹಿಡದು ಜಗ್ತಿತ್ತು. ಇಷ್ಟು ಜೋರು ಇತ್ತು ಕೈಯಾಗ.” ನಕ್ಕಳೋ ಏನೋ, ಗೊತ್ತಾಗಲಿಲ್ಲ. ಆಮೇಲೆ ಮಾತು ತಾನಾಗಿಯೇ ಬಂತು. ಕೂಸಿನ ನೆತ್ತಿಯ ವಾಸನೆ, ಸಿಮೆಂಟಿನ ಚೀಲದ ಮೇಲೆ ಹಚ್ಚಡ ಹಾಸಿ ಮಲಗಿಸುತ್ತಿದ್ದದ್ದು, ಕಾಂಕ್ರೀಟ್ ಮಿಕ್ಸರಿನ ಸದ್ದು ನಿಂತರೆ ಅದಕ್ಕೆ ಎಚ್ಚರವಾಗುತ್ತಿದ್ದದ್ದು. ಹುಡುಗಿ ‘ಹುಂ’ ಎನ್ನುತ್ತಿದ್ದಳು, ಒಮ್ಮೆ ‘ಮತ್ತ?’ ಎಂದಳು. ಅವಳ ಹತ್ತಿರ ಇದ್ದ ಕನ್ನಡವೇ ಅಷ್ಟು. ಸಲಹೆ ಕೊಡಬೇಕೆಂದರೂ ಅದಕ್ಕೆ ಬೇಕಾದ ಮಾತು ಅವಳಲ್ಲಿರಲಿಲ್ಲ.

“ಊರಿಗಿ ಹೋಗು ಅಂತಾರ. ಹ್ಯಾಂಗ ಹೋಗ್ಲಿ ಯವ್ವಾ? ಕೂಸು ಈ ಕಡೀನೇ ಅದ, ವೈಜಾಪುರದಾಗ. ಹೆಂಗಸರು ಬರಬಾರದಂತ ನಂಗ ಜಾಗಾನೂ ತೋರಸಿಲ್ಲ. ಜಾಗಾ ನೋಡದಂಗ ಬಿಟ್ಟು ಹ್ಯಾಂಗ ಹೋಗ್ಲಿ?”

ಎಲ್ಲರೂ ಅವಳನ್ನು ಕೂಸಿನಿಂದ ದೂರ ಕಳಿಸಿ ಬದುಕಿಸಬೇಕೆಂದಿದ್ದರು. ಅವಳು ಕೂಸಿನ ಹತ್ತಿರ ಹೋಗಲು ಕಾಯುತ್ತಿದ್ದಳು.

ಹುಡುಗಿ ಕೇಳಿದಳು: “ಅಣ್ಣಗ ನಾ ಹೇಳ್ಲಾ, ನೀ ಹೇಳ್ತಿ?”

“ನಾನೇ ಹೇಳ್ತೀನಿ. ನೀ ಬಾಜೂಕ ಕೂಡು.”

ಅವತ್ತೇ ಸಂಜೆ ಗಂಡನಿಗೆ ಹೇಳಿದಳಂತೆ. ಅವನು ಮೊದಲು ತಲೆ ತಗ್ಗಿಸಿದ, ಆಮೇಲೆ ಅತ್ತ. ನೋಡಿದರೆ ಸಂಕಟ ಜಾಸ್ತಿಯಾದೀತೆಂದು ತೋರಿಸಿರಲಿಲ್ಲ ಎಂದನಂತೆ. ಸೋಮವಾರದ ಪ್ರಯಾಣ ನಿಂತಿತು. ಊರಿಗೆ ಹೋಗುವುದು ಅವಳು ಹೇಳಿದಾಗ ಎಂದಾಯಿತು.

ಭಾನುವಾರ ನಾನು ಒಲೆಯ ಮುಂದಿದ್ದಾಗ ಫೋನು ಬಂತು. “ವೈಜಾಪುರಕ್ಕ ಬಂದೀವ್ರಿ ಮ್ಯಾಡಮ್. ನೀವೂ ಕೇಳಬೇಕಂತ, ಅಕ್ಕನೇ ಫೋನ್ ಹಚ್ಚು ಅಂದಳು.” ಅವರು ಹಿಂದೆ ಕಟ್ಟಿದ ಕಟ್ಟಡದಾಚೆ, ಬೇವಿನ ಗಿಡದ ಬುಡದಲ್ಲಿ ಗಂಡ, ಹೆಂಡತಿ, ಹುಡುಗಿ ಮೂವರೂ ನಿಂತಿದ್ದರು. ಅಷ್ಟು ಹೇಳಿ ಹುಡುಗಿ, ಫೋನು ನೆಲದ ಹತ್ತಿರ ಹಿಡಿಯುತ್ತೇನೆಂದಳು.

ಈ ಸಲ ಮ್ಯೂಟ್ ಇರಲಿಲ್ಲ. ಒಲೆ ಆರಿಸಿದೆ. ಗಾಳಿಯ ಸದ್ದು ಬಂತು, ದೂರದಲ್ಲೊಂದು ಟ್ರ್ಯಾಕ್ಟರ್, ಆಮೇಲೆ ಅದೂ ಇಲ್ಲ. ಲೈನು ಹೋಯಿತೇ ಎಂದು ಯಜಮಾನರು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ, ತುಟಿ ಬಿಚ್ಚಲಿಲ್ಲ.

ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿದ ಸದ್ದಾಯಿತು. ತೀರಿಕೊಂಡವರಿಗೆ ಹಾಲು ಬಿಡುವುದು ನಮ್ಮ ಕಡೆಯ ಪದ್ಧತಿ. ಗಂಡಸರು ಆಗಲೇ ಬಿಟ್ಟು ಬಂದಿದ್ದರು, ಅವಳದಿನ್ನೂ ಬಾಕಿಯಿತ್ತು. ಒಣ ಮಣ್ಣಿಗೆ ಹಾಲು ಬೀಳುವುದು ನನಗೆ ಕೇಳಿಸಿತು. ಅದರ ಹಿಂದೆಯೇ, ಮಡಿಲಲ್ಲಿದ್ದವರಿಗೆ ಹೇಳುವಷ್ಟು ಮೆಲ್ಲಗೆ, ಅವಳ ದನಿ:

“ಸಾವಕಾಶ ಕುಡಿ, ನನ್ನಪ್ಪಾ. ಸಾವಕಾಶ ಕುಡಿ.”