ಜೀಪಿನ ಬೆನ್ನಿಗೆ ಕಟ್ಟಿಸಿದ ಸೈಕಲ್ ಸ್ಟ್ಯಾಂಡು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮಾನ್ವಿಯ ಸರ್ಕಾರಿ ದವಾಖಾನೆಯಲ್ಲಿ ನರ್ಸಾಗಿದ್ದೆ. ಹಳ್ಳಿಗಳಿಗೆ ಹೋಗಿ ಬರಲು ನಮಗೊಂದು ಹಳೆಯ ಜೀಪು ಕೊಟ್ಟಿದ್ದರು. ಮೇಲೆ ಮತ್ತು ಎರಡೂ ಮಗ್ಗುಲಿಗೆ ತಾಡಪತ್ರಿಯ ಹೊದಿಕೆ, ಒಳಗೆ ಎದುರುಬದುರಾಗಿ ಎರಡು ಉದ್ದ ಸೀಟು, ಹಿಂದೆ ಕೆಳಕ್ಕೆ ಬಾಗಿ ತೆರೆಯುವ ತಗಡಿನ ಬಾಗಿಲು. ಆ ಬಾಗಿಲ ಕೆಳಗೆ ಟ್ರೇಲರ್ ಎಳೆಯಲೆಂದು ಹಾಕಿದ ದಪ್ಪ ಕೊಕ್ಕೆಯಿತ್ತು. ಟ್ರೇಲರನ್ನು ಮಾತ್ರ ನಾವು ಯಾರೂ ಕಂಡಿರಲಿಲ್ಲ.

ಜೀಪು ಕಾಲುವೆಯ ದಂಡೆಯವರೆಗೆ ಹೋಗುತ್ತಿತ್ತು, ಅಷ್ಟೆ. ಆಚೆಯ ಊರುಗಳಿಗೆ ದಾಟಲು ಇದ್ದದ್ದು ಎತ್ತಿನ ಬಂಡಿಯೂ ದಾಟಲಾರದಂಥ ಸಣ್ಣ ಸೇತುವೆ. ಅಲ್ಲಿಂದ ಮುಂದೆ ನಡಿಗೆ. ಒಂದೊಂದು ಊರು ಎರಡು ಮೂರು ಮೈಲಿ. ನನಗೆ ಸೈಕಲ್ ಬರುತ್ತಿತ್ತು; ರಾಯಚೂರಿನಲ್ಲಿ ತರಬೇತಿಗಿದ್ದಾಗ ಕಲಿತಿದ್ದೆ. ದೇವದುರ್ಗದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದ ಅವ್ವ, ಮೊದಲ ಸಲ ನಾನು ಸೈಕಲ್ ತುಳಿಯುವುದನ್ನು ನೋಡಿ ಬಾಗಿಲಲ್ಲಿ ನಿಂತು, "ಸೀರಿ ಗಾಲ್ಯಾಗ ಸಿಕ್ಕೀತು, ಎತ್ತಿ ಕಟ್ಟಬೇ" ಎಂದಿದ್ದಳು. ಬೇಡ ಅನ್ನಲಿಲ್ಲ.

ಸೈಕಲ್ಲನ್ನು ಕಾಲುವೆಯ ತನಕ ಒಯ್ಯುವುದು ಹೇಗೆ ಎಂಬುದೇ ತೊಡಕು. ಒಳಗಿಟ್ಟರೆ ಔಷಧಿ ಡಬ್ಬಿಗಳಿಗೂ ನಮಗೂ ಜಾಗವಿಲ್ಲ. ಮೇಲೆ ಕಟ್ಟಿದರೆ ತಾಡಪತ್ರಿ ಹರಿಯುತ್ತದೆ. ಬಾನೆಟ್ಟಿನ ಮೇಲೆ ಇಡೋಣವೆಂದಾಗ ಡ್ರೈವರ್ ಚಾಚಾ ನನ್ನ ಮುಖವನ್ನೇ ನೋಡಿದರು. "ರಸ್ತಾ ನಾ ನೋಡಬೇಕೋ, ನಿನ್ನ ಸೈಕಲ್ ನೋಡಬೇಕೋ ಬೇಟಿ?"

ಚಾಚಾ ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ಕನ್ನಡ, ಜೀಪು ಕೈಕೊಟ್ಟಾಗ ಎರಡೂ. ದಿನಾ ಬೆಳಿಗ್ಗೆ ಹಳೆಯ ಲುಂಗಿಯ ತುಂಡಿನಿಂದ ಜೀಪನ್ನು ಒರೆಸುತ್ತಿದ್ದರು. ತಾಡಪತ್ರಿಯ ಹೊಲಿಗೆ ಬಿಟ್ಟರೆ ತಾವೇ ದಬ್ಬಣ ಹಿಡಿದು ಕೂರುತ್ತಿದ್ದರು. ಹಿಂದಿನ ಕೊಕ್ಕೆಗೆ ಕಬ್ಬಿಣದ ಸ್ಟ್ಯಾಂಡು ಕೂರಿಸಿ ಸೈಕಲ್ ಹೇರಬಹುದೆಂದು ಹೇಳಿದವರು ಅವರೇ.

ಔಷಧಿ ತರಲು ರಾಯಚೂರಿಗೆ ಹೋದ ದಿನ ಗಂಜ್ ಮಾರುಕಟ್ಟೆ ಕಡೆಯ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಜೀಪು ನಿಲ್ಲಿಸಿದೆವು. ವೆಲ್ಡರ್ ಅವಸರವಿಲ್ಲದ ಮನುಷ್ಯ. ಕೊಕ್ಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ, ಜೀಪಿನೊಳಗೆ ಹಾಕಿ ತಂದಿದ್ದ ನನ್ನ ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ತೂಕ ನೋಡಿದ.

"ಎರಡು ನಮೂನಿ ಮಾಡಬಹುದ್ರಿ ಅಕ್ಕಾರ. ಗಾಲಿ ನಿಂದ್ರಸಾಕ ತಳದಾಗ ತಟ್ಟಿ ಮಾಡಬಹುದು. ಇಲ್ಲಾಂದ್ರ ಮ್ಯಾಲ ಎರಡು ತೋಳು ಕೊಟ್ಟು ಸೈಕಲ್ ನೇತು ಹಾಕಬಹುದು."

ತಟ್ಟೆ ಭಾರ, ಹಳ್ಳ ಇಳಿಯುವಾಗ ನೆಲಕ್ಕೆ ಬಡಿಯುತ್ತದೆ ಎಂದರು ಚಾಚಾ. ನೇತು ಹಾಕುವುದಕ್ಕೆ ನನ್ನದೇ ಸೈಕಲ್ ಅಡ್ಡಿ. ಹೆಂಗಸರ ಸೈಕಲ್ಲು, ನಡುವೆ ಅಡ್ಡಪೈಪೇ ಇಲ್ಲ. ತೋಳು ಹಿಡಿಯುವುದಾದರೂ ಎಲ್ಲಿ? ವೆಲ್ಡರ್ ನಕ್ಕು, ಹ್ಯಾಂಡಲ್ಲಿನಿಂದ ಸೀಟಿನವರೆಗೆ ಒಂದು ಪೈಪನ್ನು ಪಟ್ಟಿ ಹಾಕಿ ಬಿಗಿದು ತೋರಿಸಿದ. ಹ್ಯಾಂಡಲ್ಲು ತಾಡಪತ್ರಿಗೆ ಚುಚ್ಚದಂತೆ, ಕೊಕ್ಕೆಗೆ ಬೋಲ್ಟು ಹಾಕಿ ನಿಲ್ಲಿಸುವ ಕಂಬಕ್ಕೆ ಜೀಪಿನಷ್ಟೇ ಅಗಲದ ಚೌಕಟ್ಟು ಕೊಡುತ್ತೇನೆ ಎಂದ. ಕೊನೆಗೆ ಕೇಳಿದ: "ಚೌಕಟ್ಟಿಗೆ ಬಿಜಾಗ್ರಿ ಹಚ್ಚಲ್ಯಾ? ಜೀಪಿನ ಹಿಂದ ತೆಗಿಯೂಮುಂದ ಬಾಗಲದಂಗ ಮಗ್ಗಲಿಗೆ ಸರೀತದ. ನಾಳಿಗಿ ಕೊಡ್ತೀನಿ."

ಮರುದಿನ ಬೆಳಿಗ್ಗೆ ಲಸಿಕೆಗೆ ಹೋಗಬೇಕಿತ್ತು. ಐಸ್ ತುಂಬಿದ ಡಬ್ಬಿ ಆಗಲೇ ಜೀಪಿನಲ್ಲಿತ್ತು. ಚಾಚಾ, "ಹಚ್ಚಸೋಣ ಬೇಟಿ, ಇವತ್ತ ಇಲ್ಲೇ ಇದ್ದು ಹೋಗೋಣ" ಎಂದರು.

"ಬ್ಯಾಡ ಚಾಚಾ. ಬೋಲ್ಟ್ ಬಿಚ್ಚಿದ್ರ ತೆಗೀಬಹುದಲ್ಲ. ಇವತ್ತೇ ಆಗಲಿ" ಎಂದೆ ನಾನು.

ವೆಲ್ಡರ್ ಭುಜ ಕುಣಿಸಿ ಕೆಲಸಕ್ಕೆ ಕೂತ.

ಮೂರು ತಿಂಗಳು ಅದು ಚೆನ್ನಾಗಿಯೇ ನಡೆಯಿತು. ಹೊರಡುವ ಮೊದಲು ಸೈಕಲ್ಲನ್ನು ತೋಳಿಗೇರಿಸಿ ಹಳೆಯ ಟ್ಯೂಬಿನ ಪಟ್ಟಿಯಿಂದ ಬಿಗಿಯುತ್ತಿದ್ದೆವು. ಮುಂದಿನ ಗಾಲಿ ತಿರುಗದಂತೆ ಬೇರೆ ಕಟ್ಟು. ಮೊದಮೊದಲು ನಾನು ಮೈಲಿಗೊಮ್ಮೆ ತಿರುಗಿ ನೋಡುತ್ತಿದ್ದೆ. ಆಮೇಲೆ ಆ ಗಡಗಡ ಸಪ್ಪಳ ಅಭ್ಯಾಸವಾಯಿತು. ಸೈಕಲ್ ಇರಲಿ ಬಿಡಲಿ, ಚೌಕಟ್ಟು ಜೀಪಿನ ಬೆನ್ನಿಗೇ ಇರುತ್ತಿತ್ತು. ನಾವು ಮುಂದಿನಿಂದ ಹತ್ತಿ, ಸೀಟು ದಾಟಿ ಹಿಂದೆ ಹೋಗುತ್ತಿದ್ದೆವು. ಹಿಂದಿನ ಬಾಗಿಲು ತೆರೆಯುವ ಪ್ರಸಂಗವೇ ಬರಲಿಲ್ಲ. ಆ ಬೋಲ್ಟನ್ನು ಒಮ್ಮೆಯೂ ಬಿಚ್ಚಲಿಲ್ಲ, ಒಮ್ಮೆಯೂ ಎಣ್ಣೆ ಬಿಡಲಿಲ್ಲ.

ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂರುವ ಹೊತ್ತಿಗೆ ಒಬ್ಬ ಸೈಕಲ್ಲಿನಿಂದ ಜಿಗಿದು ಒಳಗೆ ಓಡಿ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ನೀರಮಾನ್ವಿಯ ದಾರಿಯಲ್ಲಿ ಒಳಗೆ ತಿರುಗಿ ಕಾಲುವೆ ದಾಟಿದರೆ ಅವನ ಊರು.

"ಸಿಸ್ಟರ್, ಹೆಣ್ತಿ ಹಡದಾಳ್ರಿ. ಕೂಸು ಚಲೋ ಅದ. ಆಕಿಗಿ ರಕ್ತ ನಿಂದ್ರವಲ್ದು."

"ಎಷ್ಟು ಹೊತ್ತಾತು?"

"ಹೊತ್ತು ಯಾರು ನೋಡ್ಯಾರ್ರಿ? ನಾ ಬರೂಮುಂದ ಎರಡನೇ ಕೌದಿ ಹಾಸಿದ್ರು."

ಅವನ ಸೈಕಲ್ಲನ್ನೂ ನನ್ನದನ್ನೂ ಚಾಚಾ ಒಬ್ಬರೇ ತೋಳಿಗೇರಿಸಿದರು. ಕಾಲುವೆಯ ದಂಡೆಯಲ್ಲಿ ಜೀಪು ನಿಲ್ಲುವ ಮೊದಲೇ ಆತ ಜಿಗಿದು ಕಟ್ಟು ಬಿಚ್ಚಿದ್ದ. ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಸೇತುವೆ ದಾಟಿ ತುಳಿದೆ. ಜೀವನದಲ್ಲಿ ಅಷ್ಟು ಜೋರಾಗಿ ನಾನು ಸೈಕಲ್ ತುಳಿದದ್ದಿಲ್ಲ.

ಅವಳಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ. ತುಟಿ ಬಿಳಿಚಿಕೊಂಡಿತ್ತು. ಹೆರಿಗೆಯ ಮಾಸು ಬಿದ್ದಿತ್ತು, ಆದರೆ ನೀರಲ್ಲಿ ತೊಳೆದು ನೋಡಿದಾಗ ಒಂದು ಕಡೆ ತುಂಡು ಕಿತ್ತುಹೋದಂತಿತ್ತು. ಆ ತುಂಡು ಒಳಗೇ ಉಳಿದಿದೆ. ಇಂಜೆಕ್ಷನ್ ಕೊಟ್ಟು ಹೊಟ್ಟೆ ತಿಕ್ಕಿದೆ. ರಕ್ತ ಕಡಿಮೆಯಾಯಿತು, ನಿಲ್ಲಲಿಲ್ಲ. ಅವಳ ಅತ್ತೆ ಕೂಸನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ರಾಯಚೂರಿಗೆ ಒಯ್ಯಬೇಕವ್ವಾ. ಈಗಲೇ."

"ಅಷ್ಟು ದೂರಾ? ದಾರ್ಯಾಗ ಏನರ ಆದ್ರ?"

"ಇಲ್ಲೇ ಇದ್ರೂ ಆಗ್ತದ" ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಆದರೆ ಆ ಮಾತಿಗೇ ಆಕೆ ಬಾಗಿಲು ಬಿಟ್ಟು ಸರಿದಳು.

ಸೇತುವೆಯ ತನಕ ಎತ್ತಿನ ಬಂಡಿ. ಅಲ್ಲಿಂದ ನಾಲ್ವರು ಗಂಡಸರು ಕೌದಿಯ ನಾಲ್ಕು ಮೂಲೆ ಹಿಡಿದು ಅವಳನ್ನು ದಾಟಿಸಿದರು. ನಾನು ಅವಳ ಮಣಿಕಟ್ಟು ಬಿಡದೆ ಪಕ್ಕದಲ್ಲೇ ಅಡ್ಡಡ್ಡ ನಡೆಯುತ್ತಿದ್ದೆ. ನಾಡಿ ದಾರದೆಳೆಯಷ್ಟು ಸಣ್ಣಗೆ ಓಡುತ್ತಿತ್ತು. ಜೀಪಿನ ಹಿಂದೆ ಬಂದು ನಿಂತೆವು. ಎದುರಿಗೆ ಕಬ್ಬಿಣದ ಚೌಕಟ್ಟು, ಅದರ ಹಿಂದೆ ಬಾಗಿಲು. ಚೌಕಟ್ಟು ಇರುವ ತನಕ ಬಾಗಿಲು ಕೆಳಗಿಳಿಯುವುದಿಲ್ಲ; ಮಲಗಿದವಳನ್ನು ಮುಂದಿನ ಸೀಟು ದಾಟಿಸಿ ಒಯ್ಯುವಂತೆಯೂ ಇಲ್ಲ.

ಚಾಚಾ ಸ್ಪ್ಯಾನರ್ ತಂದು ಬೋಲ್ಟಿಗೆ ಹಾಕಿ ಎಳೆದರು. ಅಲುಗಲಿಲ್ಲ. ಮತ್ತೆ ಎಳೆದಾಗ ಸ್ಪ್ಯಾನರ್ ಜಾರಿ ಅವರ ಬೆರಳ ಗಂಟು ಸುಲಿಯಿತು. ಮೂರು ತಿಂಗಳ ಕುಲುಕಾಟಕ್ಕೆ ಬೋಲ್ಟು ಒಳಗೇ ಬಾಗಿತ್ತು. ಗಂಡ ಒಂದು ಕಲ್ಲು ತಂದು ಬಡಿಯತೊಡಗಿದ. ಆ ಪ್ರತಿ ಏಟೂ ನನ್ನ ತಲೆಯೊಳಗೆ ಬೀಳುತ್ತಿತ್ತು. ಕೌದಿ ಹಿಡಿದವರ ತೋಳು ನಡುಗುತ್ತಿದ್ದವು. ಅವಳನ್ನು ನೆಲಕ್ಕಿಳಿಸಿ ಎಂದೆ. ಇಳಿಸಿದಾಗ ಕೌದಿಯ ನಡುವೆ ಹೊಸದಾಗಿ ಕೆಂಪು ಹರಡಿದ್ದು ಕಂಡಿತು.

"ಸಿಸ್ಟರ್," ಎಂದಳು ಅವಳು. ಆವರೆಗೆ ಅವಳು ಮಾತಾಡಿರಲಿಲ್ಲ. "ಕಣ್ಣಿಗಿ ಕತ್ಲಿ ಬರಾಕತ್ತದ."

"ಕಣ್ಣು ಮುಚ್ಚಬ್ಯಾಡ ತಂಗಿ. ನನ್ನ ನೋಡು. ನನ್ನೇ ನೋಡು."

ಅವಳು ನನ್ನನ್ನು ನೋಡಿದಳು. ನನಗೆ ಮಾತ್ರ ಅವಳ ಕಣ್ಣು ನೋಡಲಾಗಲಿಲ್ಲ. ನಾಳೆ ಕೊಡುತ್ತೇನೆ ಎಂದ ಆ ವೆಲ್ಡರನಿಗೆ ನಾನು ಒಂದು ದಿನ ಕೊಟ್ಟಿರಲಿಲ್ಲ. ಒಂದೇ ದಿನ.

ಕಲ್ಲಿನ ಸದ್ದು ನಿಂತಿತು. ಚಾಚಾ ಗಂಡನ ಕೈಯಿಂದ ಕಲ್ಲು ಕಸಿದು ಎಸೆದಿದ್ದರು. ಡ್ರೈವರ್ ಸೀಟಿನ ಕೆಳಗಿನಿಂದ ಹಗ್ಗ ಕೊಯ್ಯುವ ಚಾಕು ತೆಗೆದು ಜೀಪಿನ ಎಡಮಗ್ಗುಲಿಗೆ ಹೋದರು. ತಾಡಪತ್ರಿಗೆ ಮೇಲೆ ಚಾಕು ಚುಚ್ಚಿ ಕೆಳಕ್ಕೆಳೆದರು. ಆಮೇಲೆ ಅಡ್ಡಕ್ಕೆ. ಅವರ ಕೈ ಒಂದು ಸಲವೂ ತಡೆಯಲಿಲ್ಲ.

"ಎತ್ರಿ! ಮಗ್ಗಲಿಂದ ಒಳಗ ಕೊಡ್ರಿ! ಬೇಟಿ, ನೀ ಮೊದ್ಲು ಒಳಗ ಹೋಗಿ ತಲಿ ಹಿಡಿ!"

ನಾನು ಮುಂದಿನಿಂದ ನುಗ್ಗಿದೆ. ಸೊಂಟದೆತ್ತರದ ತಗಡಿನ ಮೇಲಿಂದ ಕೌದಿ ಸಮೇತ ಅವಳನ್ನು ನನ್ನ ತೋಳಿಗೆ ಕೊಟ್ಟರು. ಎರಡು ಸೀಟುಗಳ ನಡುವೆ ನೆಲದ ಮೇಲೆ ಮಲಗಿಸಿ, ಔಷಧಿಯ ಪೆಟ್ಟಿಗೆಯ ಮೇಲೆ ಕಾಲು ಎತ್ತಿಟ್ಟೆ. ಗಂಡ ಅವಳ ತಲೆಯ ಹತ್ತಿರ ಕೂತ. ಅತ್ತೆ ಕೂಸನ್ನು ಹಿಡಿದು ಮುಂದೆ ಕೂತಳು. ಸೈಕಲ್ಲುಗಳು ಅವರ ಮನೆಯ ಮುಂದೆಯೇ ಉಳಿದಿದ್ದವು.

ರಾಯಚೂರಿನ ದಾರಿಯುದ್ದಕ್ಕೂ ಹರಿದ ತಾಡಪತ್ರಿ ಪಟಪಟ ಬಡಿಯಿತು. ಬಿಸಿಗಾಳಿ ಧೂಳು ತಂದು ಮುಖಕ್ಕೆ ಎರಚುತ್ತಿತ್ತು. ನಾನು ಮೊಣಕಾಲೂರಿ ಒಂದು ಕೈಯಿಂದ ಅವಳ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದರಿಂದ ನಾಡಿ ನೋಡುತ್ತಿದ್ದೆ. ಕಲ್ಮಲದ ಹತ್ತಿರ ಅದು ಬೆರಳಿಗೆ ಸಿಗಲಿಲ್ಲ. ಕುತ್ತಿಗೆ ಮುಟ್ಟಿ ನೋಡಿದೆ, ಅಲ್ಲಿತ್ತು. ಗಂಡ ನನ್ನ ಮುಖವನ್ನೇ ನೋಡುತ್ತಿದ್ದ.

"ಅದಾಳ್ರಿ?"

"ಅದಾಳ. ಹೆಸರು ಹಿಡಿದು ಕೂಗು. ಬಿಡಬ್ಯಾಡ, ಕೂಗತಿರು."

ಅವನು ಕೂಗಿದ. ರಾಯಚೂರು ಬರುವ ತನಕ ಕೂಗುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಅವಳನ್ನು ನೇರವಾಗಿ ಒಳಗೆ ಒಯ್ದರು. ಉಳಿದಿದ್ದ ತುಂಡನ್ನು ತೆಗೆದರು. ಗಂಡನ ರಕ್ತ ಹೊಂದಿತು. ಹೊತ್ತು ಮುಳುಗುವ ಮೊದಲು ಡಾಕ್ಟರು ಹೊರಗೆ ಬಂದು, "ಉಳೀತಾಳ. ಇನ್ನೊಂದು ಅರ್ಧ ತಾಸು ತಡ ಆಗಿದ್ರ ನಾ ಹಿಂಗ ಹೇಳ್ತಿರಲಿಲ್ಲ" ಎಂದರು. ನಾನು ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದುಕೊಂಡು ಜೀಪಿನ ಹತ್ತಿರ ಬಂದೆ. ಚಾಚಾ ಬೆರಳಿಗೆ ಬಟ್ಟೆ ಸುತ್ತಿಕೊಂಡು ಹರಿದ ಮಗ್ಗುಲನ್ನು ನೋಡುತ್ತ ನಿಂತಿದ್ದರು.

"ಉಳೀತಾಳಂತ ಚಾಚಾ."

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡು ಜೀಪಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನಗೆ ಆಗಲೇ ಅಳು ಬಂತು. "ನನ್ನಿಂದ ಆತು. ಬಿಜಾಗ್ರಿ ಬ್ಯಾಡ ಅಂದಾಕಿ ನಾನು."

"ಬೋಲ್ಟಿಗಿ ಎಣ್ಣಿ ಬಿಡೋದು ನಿನ್ನ ಕೆಲಸ ಏನು? ನನ್ನದು" ಎಂದರು ಅವರು. ನನ್ನ ಕಡೆ ನೋಡಲಿಲ್ಲ.

ಸರ್ಕಾರಿ ಜೀಪಿನ ಹೊದಿಕೆ ಕೊಯ್ದದ್ದೇಕೆ ಎಂದು ಮೇಲಿನವರು ಬರೆದು ಕೇಳಿದರು. ಚಾಚಾ ನನ್ನ ಮಾತೇ ಎತ್ತದೆ, ಬೋಲ್ಟು ನೋಡಿಕೊಳ್ಳದ್ದು ತಮ್ಮ ತಪ್ಪು ಎಂದು ಬರೆಸಿ ಹೆಬ್ಬೆಟ್ಟು ಒತ್ತಿದ್ದರು. ನನಗೆ ತಿಳಿದದ್ದು ಎರಡು ದಿನದ ಮೇಲೆ. ನಾನೂ ಒಂದು ಹಾಳೆ ತೆಗೆದುಕೊಂಡು, ವೆಲ್ಡರ್ ಹೇಳಿದ್ದು, ಚಾಚಾ ಒಪ್ಪಿದ್ದು, ನಾನು ಬೇಡವೆಂದದ್ದು ಎಲ್ಲವನ್ನೂ ಬರೆದು ಕಳಿಸಿದೆ. ಒಂದು ವಾರ ಏನಾಗುತ್ತದೋ ಎಂದು ಕಾಯುತ್ತ ಕೂತೆವು. ಕೊನೆಗೆ ಇಬ್ಬರನ್ನೂ ಕರೆಸಿ, ಇನ್ನು ಮುಂದೆ ಕೇಳದೆ ಜೀಪಿಗೆ ಏನನ್ನೂ ಕಟ್ಟಬಾರದೆಂದು ಗದರಿಸಿ ಕಳಿಸಿದರು. ನಾನು ಅಲ್ಲೇ ನಿಂತು ಬಿಜಾಗರಿ ಹಚ್ಚಿಸಲು ಒಪ್ಪಿಗೆ ಕೇಳಿದೆ. ಚಾಚಾ ಹಿಂದಿನಿಂದ ನನ್ನ ಚೀಲ ಜಗ್ಗುತ್ತಿದ್ದರು. ಗದರಿಸಿದ ಸಾಹೇಬರೇ, ಅರ್ಜಿ ಬರೆದುಕೊಡಿ ಎಂದರು.

ವೆಲ್ಡರ್‌ಗೆ ನಡೆದದ್ದನ್ನು ಹೇಳಿದಾಗ ಅವನು ಕೊಕ್ಕೆಯ ಮುಂದೆ ಮತ್ತೆ ಕುಕ್ಕರಗಾಲಲ್ಲಿ ಕೂತ. ಬಾಗಿದ ಬೋಲ್ಟನ್ನು ಗ್ಯಾಸಿನಿಂದ ಕತ್ತರಿಸಿ ತೆಗೆದು, ಮರುದಿನ ಸಂಜೆ ಬನ್ನಿ ಎಂದ. ಆ ರಾತ್ರಿ ನಾವು ರಾಯಚೂರಿನಲ್ಲೇ ಉಳಿದೆವು, ನಾನು ತರಬೇತಿಯ ಗೆಳತಿಯ ಕೋಣೆಯಲ್ಲಿ, ಚಾಚಾ ಜೀಪಿನಲ್ಲಿ. ಸಂಜೆ ಹೋದಾಗ ಚೌಕಟ್ಟು ಒಂದೇ ಕೈಗೆ ಸರಿಯುತ್ತಿತ್ತು. ಚಾಚಾ ಅದನ್ನು ಹತ್ತು ಸಲ ಸರಿಸಿ, ಹತ್ತು ಸಲ ಹಿಂದಿನ ಬಾಗಿಲು ಇಳಿಸಿ ಎತ್ತಿ ನೋಡಿದರು. ವೆಲ್ಡರ್ ಬೀಡಿ ಹಚ್ಚಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಅವರು ಮುಗಿಸುವ ತನಕ ನಾನು ಮುಂದಿನ ಸೀಟಿನಲ್ಲಿ ಕೂತು ಕಾದೆ; ಬೇಗ ಬನ್ನಿ ಎನ್ನಲಿಲ್ಲ.